ದೀಪದ ಮೇಲಿದ್ದ ಥರ್ಮೋಸ್ಟಾಟ್

ನವೆಂಬರ್ ಬಂತೆಂದರೆ ನನಗೆ ಬರುವ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ. ಬೇಸಿಗೆಯಲ್ಲಿ ವೀಸಾ, ಸೂಟ್‌ಕೇಸಿನ ತೂಕ, ಉಪ್ಪಿನಕಾಯಿ ತರಬಹುದೇ ಎಂದೆಲ್ಲ ಕೇಳುವ ಓದುಗರು ಚಳಿಗಾಲಕ್ಕೆ ಸುತ್ತಿ ಬಳಸಿ ಕೇಳುವುದು ಒಂದನ್ನೇ. 'ಮಗನ ಮನೆಗೆ ಬಂದಿದ್ದೇವೆ. ಗೋಡೆ ಮೇಲಿನ ಡಬ್ಬಿ 72 ಅಂತ ತೋರಿಸುತ್ತೆ. ನಾವು ಮಲಗೋ ಕೋಣೆ ಮಾತ್ರ ಕೊರೆಯುತ್ತೆ. ಡಬ್ಬಿ ಸುಳ್ಳು ಹೇಳ್ತಿದೆಯಾ?' ಇದರ ಬೆನ್ನಿಗೇ ಮಗಂದಿರ ಪ್ರಶ್ನೆ ಬರುತ್ತದೆ: 'ಆ ಡಬ್ಬಿಯನ್ನು ನಾನೇ ಬಿಚ್ಚಿ ಬೇರೆ ಹಾಕಬಹುದಾ?'

ಡಬ್ಬಿ ಸುಳ್ಳು ಹೇಳುತ್ತಿಲ್ಲ. (ಅದರ ಅಂಕಿಗಳೆಲ್ಲ ಫ್ಯಾರನ್‌ಹೀಟಿನಲ್ಲಿ.) ತಾನು ನಿಂತ ಜಾಗದ ಸತ್ಯವನ್ನು ಹೇಳುತ್ತಿದೆ, ಅಷ್ಟೆ. ನಿಮ್ಮ ಕೋಣೆಯ ಸಂಗತಿ ಅದಕ್ಕೆ ಗೊತ್ತಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಇಷ್ಟು ಸಲೀಸಲ್ಲ. ಅದನ್ನು ನಾನು ಕಲಿತದ್ದು ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ಹೊರವಲಯದ ನನ್ನದೇ ಮನೆಯಲ್ಲಿ, ಒಂದು ರಾತ್ರಿಯಿಡೀ ನಡುಗಿ.

ಮೊದಲು, ಆ ಡಬ್ಬಿಯ ಮಾತು ಕೇಳಿ ಮನೆ ಬಿಸಿಮಾಡುವ ಫರ್ನೇಸ್ ಎಂದರೆ ಏನು ಎಂಬುದು ತಿಳಿದಿರಲಿ. ನಿಘಂಟು ತೆಗೆದರೆ ಕುಲುಮೆ ಎಂದಿರುತ್ತದೆ. ನಮ್ಮೂರ ಕಮ್ಮಾರಸಾಲೆ ಕಣ್ಣೆದುರು ಬಂದರೆ ತಪ್ಪೇನಿಲ್ಲ, ಇಲ್ಲೂ ಬೆಂಕಿ ಇದೆ, ತಿದಿಯೂ ಇದೆ. ಆದರೆ ಕಮ್ಮಾರನ ತಿದಿ ಬೆಂಕಿಗೆ ಊದುತ್ತದೆ, ಇಲ್ಲಿನದು ಮನೆಗೆ ಊದುತ್ತದೆ. ನೆಲಮಾಳಿಗೆಯಲ್ಲಿ ಸಣ್ಣ ಬೀರುವಿನಷ್ಟು ತಗಡಿನ ಪೆಟ್ಟಿಗೆ. ಅದರೊಳಗೆ ಮುಚ್ಚಿದ ಲೋಹದ ಕೊಳವೆಗಳಲ್ಲಿ ಗ್ಯಾಸ್ ಉರಿಯುತ್ತದೆ, ಅದರ ಹೊಗೆ ಬೇರೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಮನೆಯೊಳಗಿನ ಗಾಳಿ ಆ ಕಾದ ಲೋಹವನ್ನು ಹೊರಗಿನಿಂದ ಸವರಿಕೊಂಡು, ಬಿಸಿಯಾಗಿ, ತಗಡಿನ ಡಕ್ಟ್‌ಗಳಲ್ಲಿ ಹರಿದು ಕೋಣೆ ಕೋಣೆಯ ನೆಲದ ಜಾಲರಿಯಿಂದ ಮೇಲೇಳುತ್ತದೆ. ಉಸಿರಾಡುವ ಗಾಳಿಯೂ ಉರಿದ ಗ್ಯಾಸಿನ ಹೊಗೆಯೂ ಪಕ್ಕಪಕ್ಕದಲ್ಲೇ ಹೋಗುತ್ತವೆ, ಒಂದನ್ನೊಂದು ಮುಟ್ಟಬಾರದು. ಈ ಮಾತಿಗೆ ಆಮೇಲೆ ಬರುತ್ತೇನೆ.

ಗೋಡೆ ಮೇಲಿನ ಆ ಡಬ್ಬಿ, ಅಂದರೆ ಥರ್ಮೋಸ್ಟಾಟ್, ಈ ಯಂತ್ರದ ಸ್ವಿಚ್ಚು. ತನ್ನ ಸುತ್ತಲಿನ ಗಾಳಿ ನೀವು ಹೇಳಿದ ಅಂಕಿಗಿಂತ ತಣ್ಣಗಾದರೆ 'ಉರಿ' ಎನ್ನುತ್ತದೆ, ಆ ಅಂಕಿ ಮುಟ್ಟಿದರೆ 'ಸಾಕು' ಎನ್ನುತ್ತದೆ. ಬೇಗ ಬಿಸಿಯಾಗಲಿ ಎಂದು 80ಕ್ಕೆ ತಿರುಗಿಸುವವರಿದ್ದಾರೆ. ಸಾಮಾನ್ಯ ಫರ್ನೇಸ್ ಅದರಿಂದ ಹೆಚ್ಚು ಜೋರಾಗಿ ಉರಿಯುವುದಿಲ್ಲ. ಬಸ್ಸು ಬೇಗ ಬರಲಿ ಅಂತ ಸ್ಟಾಪಿನಲ್ಲಿ ನಿಂತು ಕೈ ಬೀಸಿದ ಹಾಗೆ ಅದು. ಈ ಸ್ವಿಚ್ಚಿಗೂ ಒಂದು ಕಥೆಯಿದೆ. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಮೇಷ್ಟರಾಗಿದ್ದ ವಾರನ್ ಜಾನ್ಸನ್ ಎಂಬುವರು 1883ರಲ್ಲಿ ವಿದ್ಯುತ್ ಥರ್ಮೋಸ್ಟಾಟಿಗೆ ಪೇಟೆಂಟ್ ಪಡೆದರು. ಜವಾನ ಪ್ರತಿ ತರಗತಿಗೂ ಬಂದು ಸೆಕೆ ಚಳಿ ನೋಡಿ ನೆಲಮಾಳಿಗೆಯ ಒಲೆ ಸರಿಮಾಡಬೇಕಾಗಿದ್ದ ಕಾಲ ಅದು. ಪಾಠದ ನಡುವೆ ಬಾಗಿಲು ತಟ್ಟುವವರ ಕಾಟ ತಡೆಯಲು ಹುಟ್ಟಿದ ಯಂತ್ರ ಎಂದರೂ ನಡೆಯುತ್ತದೆ. ಮೇಷ್ಟರ ಸಂಕಟ ಮೇಷ್ಟರಿಗೇ ಗೊತ್ತು.

ನಮ್ಮ ಮನೆಯ ಕಥೆಗೆ ಬರುತ್ತೇನೆ. ತೀರ್ಥಹಳ್ಳಿ ಕಡೆಯಿಂದ ಅಮ್ಮ ಮೊದಲ ಸಲ ಚಳಿಗಾಲಕ್ಕೆ ಬಂದಿದ್ದಳು. ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ರಾತ್ರಿಗಳು ಜನವರಿಯಲ್ಲಿ ಇಲ್ಲಿ ಅಪರೂಪವಲ್ಲ. ಬಂದ ವಾರದಲ್ಲೇ ನೆಲದ ಜಾಲರಿಯ ಮಹಿಮೆಯನ್ನು ಕಂಡುಕೊಂಡು, ಬೆಳಗಾದರೆ ಬಚ್ಚಲ ಒಲೆಯ ಮುಂದೆ ಕೂತಂತೆ ಅದರ ಮುಂದೆ ಕೂರುತ್ತಿದ್ದಳು. ಹೆಂಡತಿ ಕೆಲಸಕ್ಕೆ ಹೋದ ಮೇಲೆ ಅದರ ಮೇಲೆ ತಟ್ಟೆಯಿಟ್ಟು ಸಂಡಿಗೆ ಒಣಗಿಸಿದ್ದೂ ಉಂಟು. (ಒಣಗುತ್ತದೆ, ಚೆನ್ನಾಗಿಯೇ ಒಣಗುತ್ತದೆ. ಆದರೆ ಆ ಕೋಣೆಗೆ ಬರುವ ಬಿಸಿಗಾಳಿ ನಿಲ್ಲುತ್ತದೆ.) ಹಜಾರದ ಗೋಡೆಗೆ ಒಂದು ಸಣ್ಣ ಹಲಗೆ ಹೊಡೆಸಿಕೊಂಡು ದೇವರನ್ನು ಕೂರಿಸಿದಳು. ಬೆಳಿಗ್ಗೆ ಐದಕ್ಕೆ ಎದ್ದು ಎರಡು ಬತ್ತಿಯ ಹಿತ್ತಾಳೆ ದೀಪ ಹಚ್ಚಿದರೆ ಎಂಟರವರೆಗೆ ಅದು ಉರಿಯುತ್ತಿತ್ತು. ಅದೇ ವಾರದಿಂದ ಅವಳ ಕೋಣೆಯೂ ಮಕ್ಕಳ ಕೋಣೆಯೂ ಬೆಳಗಿನ ಹೊತ್ತು ಕೊರೆಯತೊಡಗಿದವು.

ನಾನು ಫಿಲ್ಟರ್ ಬದಲಿಸಿದೆ. ಕಿಟಕಿ ಸಂದಿಗೆ ಟೇಪು ಹಚ್ಚಿದೆ. ಕೊನೆಗೊಂದು ದಿನ ಆರು ಗಂಟೆಗೆ ಹಜಾರಕ್ಕೆ ಬಂದು ನೋಡುತ್ತೇನೆ, ಥರ್ಮೋಸ್ಟಾಟಿಗೆ ಹೇಳಿದ್ದು 70, ಅದು ತೋರಿಸುತ್ತಿರುವುದು 75. ಮಗುವಿನ ಸ್ನಾನದ ನೀರಿಗೆಂದು ತಂದಿದ್ದ ಥರ್ಮಾಮೀಟರನ್ನು ಅಮ್ಮನ ಕೋಣೆಯಲ್ಲಿಟ್ಟೆ, 61. ಆಗ ಕಣ್ಣು ಕೆಳಗೆ ಹೋಯಿತು. ಡಬ್ಬಿಯ ಕೆಳಗೆ ಎರಡೂವರೆ ಅಡಿಯಲ್ಲಿ ದೀಪ. ಅದರ ಬಿಸಿ ನೆಟ್ಟಗೆ ಮೇಲೇರಿ ಥರ್ಮೋಸ್ಟಾಟಿನ ಗಲ್ಲ ಸವರುತ್ತಿದೆ. ಅದಕ್ಕೆ ಮಿನಿಯಾಪೊಲಿಸ್ಸಿನ ಜನವರಿಯಲ್ಲೂ ಶಿವಮೊಗ್ಗದ ಬೇಸಿಗೆ. ದೀಪ ಉರಿಯುವ ಮೂರು ಗಂಟೆಯೂ ಫರ್ನೇಸು ದಿನಾ ಸುಮ್ಮನಿರುತ್ತಿತ್ತು.

'ಅಮ್ಮ, ದೇವರನ್ನ ಈ ಕಡೆ ಗೋಡೆಗೆ ಇಡೋಣ' ಅಂದೆ.

'ದೇವರನ್ನ ಎಬ್ಬಿಸೋ ಬದಲು ಆ ಡಬ್ಬೀನೇ ಆ ಕಡೆ ಇಡೋಕ್ಕೆ ಆಗಲ್ವನಾ?'

ಪ್ರಶ್ನೆ ನ್ಯಾಯವಾದದ್ದೇ. ದೀಪ ಇಲ್ಲದಿದ್ದರೂ ಆ ಜಾಗ ಒಳ್ಳೆಯದಾಗಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಎದುರಿತ್ತು, ಭಾನುವಾರ ದೋಸೆ ಹುಯ್ದರೆ ಮಹಡಿ ತಣ್ಣಗಾಗುತ್ತಿತ್ತು. ಥರ್ಮೋಸ್ಟಾಟಿಗೆ ಬೇಕಾದದ್ದು ಮನೆಯಲ್ಲಿ ಅತಿ ಸಾಧಾರಣವಾದ ಜಾಗ. ಹೊರಗೋಡೆಯಲ್ಲ, ಒಳಗೋಡೆ. ನೆಲದಿಂದ ಸುಮಾರು 5 ಅಡಿ, ಅಂದರೆ ನಿಂತ ಮನುಷ್ಯನ ಮುಖದ ಮಟ್ಟ. ಬಿಸಿಗಾಳಿ ಬರುವ ಜಾಲರಿಯ ನೇರಕ್ಕೆ ಬೇಡ, ಮನೆಯ ಗಾಳಿಯನ್ನು ವಾಪಸ್ ಎಳೆದುಕೊಳ್ಳುವ ದೊಡ್ಡ ಜಾಲರಿಯ ಆಸುಪಾಸಾದರೆ ಒಳ್ಳೆಯದು. ಅಲ್ಲಿಗೆ ಎಲ್ಲ ಕೋಣೆಯ ಗಾಳಿಯೂ ಬೆರೆತು ಬರುತ್ತದೆ. ಟಿವಿ, ದೀಪ, ಫ್ರಿಜ್ಜು, ಮುಂಬಾಗಿಲು, ಮಧ್ಯಾಹ್ನ ಮೂರರ ಬಿಸಿಲು ಬೀಳುವ ಗೋಡೆ, ಇವೆಲ್ಲ ದೂರ. ಬಾಗಿಲ ಹಿಂದಿನ ಮೂಲೆಯೂ ಬೇಡ, ಅಲ್ಲಿ ಗಾಳಿ ಆಡುವುದಿಲ್ಲ. ಜನ ಹೆಚ್ಚು ಹೊತ್ತು ಕೂರುವ ಕೋಣೆಯಾದರೆ ಉತ್ತಮ. ಅಳಿಯನನ್ನು ಕೂರಿಸಲು ಜಾಗ ಹುಡುಕಿದಷ್ಟು ಎಚ್ಚರದಿಂದ ಹುಡುಕಬೇಕು, ಆದರೆ ಮರ್ಯಾದೆಯ ಜಾಗ ಮಾತ್ರ ಕೊಡಬಾರದು.

ಜಾಗ ಬದಲಿಸುವುದೆಂದರೆ ತಂತಿ ಬದಲಿಸುವುದು. ನಾನು ದುಡುಕಿದ್ದು ಇಲ್ಲೇ.

ಥರ್ಮೋಸ್ಟಾಟಿನ ಹಿಂದೆ ಬರುವುದು ತೆಳುವಾದ 18 ಗೇಜಿನ ತಂತಿಗಳ ಒಂದು ಕಟ್ಟು. ಫರ್ನೇಸಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಮನೆಯ 120 ವೋಲ್ಟನ್ನು 24 ವೋಲ್ಟಿಗೆ ಇಳಿಸಿ ಕಳಿಸುತ್ತದೆ. ತುದಿಯ ತಿರುಪುಗಳ ಪಕ್ಕ ಒಂದೊಂದು ಅಕ್ಷರ. 'ಆರ್' ಎಂದರೆ 24 ವೋಲ್ಟ್ ಬರುವ ದಾರಿ, 'ಸಿ' ಅದು ವಾಪಸ್ ಹೋಗುವ ದಾರಿ, 'ಡಬ್ಲ್ಯು' ಬಿಸಿಗೆ, 'ವೈ' ಬೇಸಿಗೆಯ ಎಸಿಗೆ, 'ಜಿ' ಫ್ಯಾನಿಗೆ. ಆರ್‌ಗೆ ಡಬ್ಲ್ಯು ಮುಟ್ಟಿದರೆ ಫರ್ನೇಸ್ ಉರಿಯುತ್ತದೆ. ಥರ್ಮೋಸ್ಟಾಟ್ ಎಷ್ಟೇ ಬುದ್ಧಿವಂತ, ಎಷ್ಟೇ ದುಬಾರಿ ಆಗಿರಲಿ, ಚಳಿಗಾಲದಲ್ಲಿ ಅದು ಮಾಡುವುದು ಈ ಎರಡು ತಂತಿಗಳನ್ನು ಕೂಡಿಸಿ ಬಿಡಿಸುವ ಕೆಲಸ. ಫೋನಿನಲ್ಲಿ ಆಡಿಸುವ ಹೊಸ ಬಗೆಯವಕ್ಕೆ ತಮಗೇ ಒಂದಿಷ್ಟು ವಿದ್ಯುತ್ ಸದಾ ಬೇಕಾಗುವುದರಿಂದ ಅವುಗಳಲ್ಲಿ ಹಲವು ಸಿ ತಂತಿ ಇರಲೇಬೇಕೆಂದು ಹಟ ಮಾಡುತ್ತವೆ. ಹಳೆಯ ಮನೆಗಳಲ್ಲಿ ಎಷ್ಟೋ ಸಲ ಆ ತಂತಿ ಉಪಯೋಗವಿಲ್ಲದೆ ಗೋಡೆಯೊಳಗೆ ಸುರುಳಿ ಸುತ್ತಿ ಮಲಗಿರುತ್ತದೆ. ಹೊಸದನ್ನು ಎಳೆಯುವ ಮುಂಚೆ ಅಲ್ಲಿ ಒಮ್ಮೆ ಇಣುಕಿ.

24 ವೋಲ್ಟ್ ತಾನೇ, ಏನಾಗುತ್ತದೆ ಎಂದು ನಾನು ಫರ್ನೇಸಿನ ಸ್ವಿಚ್ ಆರಿಸಲಿಲ್ಲ. ಹಳೆಯ ಡಬ್ಬಿ ಬಿಚ್ಚುವಾಗ ಕೆಂಪು ತಂತಿಯ ತುದಿ ನೀಲಿಯ ತುದಿಗೆ ಸೋಕಿತು. ಆರ್‌ಗೆ ಸಿ. ಕಿಡಿ ಸಹ ಕಾಣಲಿಲ್ಲ, ಗೋಡೆಯ ಹಿಂದೆ ಏನೋ ಸಣ್ಣಗೆ 'ಟಿಕ್' ಅಂದಂತಾಯಿತು, ಅಷ್ಟೆ. ಹೊಸ ಜಾಗಕ್ಕೆ ತಂತಿ ಎಳೆದು ಎಲ್ಲ ಜೋಡಿಸಿ ನೋಡಿದರೆ ಡಬ್ಬಿ ಸತ್ತಿದೆ. ಶನಿವಾರ ರಾತ್ರಿ ಒಂಬತ್ತೂವರೆ. ಅಮ್ಮನ ಮೇಲೆ ಮೂರು ಕಂಬಳಿ, ನಮ್ಮೆಲ್ಲರಿಗೂ ಒಂದೇ ಕೋಣೆ, ಒಂದು ಎಲೆಕ್ಟ್ರಿಕ್ ಹೀಟರು. ಭಾನುವಾರ ಬೆಳಿಗ್ಗೆ ಬಂದ ಮೆಕ್ಯಾನಿಕ್ ಫರ್ನೇಸಿನ ಕದ ತೆಗೆದು, ಸರ್ಕ್ಯೂಟ್ ಬೋರ್ಡಿನಿಂದ ನೇರಳೆ ಬಣ್ಣದ ಒಂದು ಬಿಲ್ಲೆಯನ್ನು ಉಗುರಲ್ಲಿ ಕಿತ್ತು ತೋರಿಸಿದ. ಕಾರಿನಲ್ಲಿರುತ್ತದಲ್ಲ, ಅದೇ 3 ಆಂಪಿನ ಫ್ಯೂಸು. ಹೊಸದು ಸಿಕ್ಕಿಸಿದ, ಊದುವ ಸದ್ದು ಶುರುವಾಯಿತು. ಫ್ಯೂಸಿಗೆ ಒಂದು ಡಾಲರೂ ಇಲ್ಲ, ಭಾನುವಾರಕ್ಕೆ ನೂರಾ ಎಂಬತ್ತು. ಆ ಫ್ಯೂಸು ಇರುವುದೇ ನನ್ನಂಥವರಿಂದ ಬೋರ್ಡನ್ನು ಕಾಪಾಡಲು ಎಂದ. ಹೆಚ್ಚಿನ ಆಂಪಿನದು ಹಾಕಿದ್ದರೆ ಟ್ರಾನ್ಸ್‌ಫಾರ್ಮರೇ ಸುಡುತ್ತಿತ್ತಂತೆ.

ಹೋಗುವ ಮುಂಚೆ ಅವನು ಇನ್ನೊಂದು ತಪ್ಪು ಹಿಡಿದ. ತಂತಿ ಹೊರಬರಲು ನಾನು ಕೊರೆದ ತೂತಿಗೆ ಬೆರಳಿಟ್ಟು ನೋಡು ಎಂದ. ತಣ್ಣನೆಯ ಗಾಳಿ. ಮರದ ಚೌಕಟ್ಟಿನ ಟೊಳ್ಳು ಗೋಡೆಯೊಳಗೆ ನೆಲಮಾಳಿಗೆಯಿಂದಲೋ ಅಟ್ಟದಿಂದಲೋ ಗಾಳಿ ಹರಿದು, ಥರ್ಮೋಸ್ಟಾಟಿನ ಬೆನ್ನಿಗೆ ಸರಿಯಾಗಿ ಬೀಸುತ್ತಿತ್ತು. ಹಾಗೇ ಬಿಟ್ಟಿದ್ದರೆ ದೀಪದ ಕಥೆ ತಿರುಗುಮುರುಗಾಗಿ, ಫರ್ನೇಸು ಉರಿದೇ ಉರಿದು ಮನೆ ಅವಲಕ್ಕಿ ಭಟ್ಟಿಯಾಗುತ್ತಿತ್ತು. ಚಿಟಿಕೆಯಷ್ಟು ಪುಟ್ಟಿ ಮೆತ್ತಿದ ಮೇಲೆ ಸರಿಯಾಯಿತು. ಜಾಗದ ಬಗ್ಗೆ ಇಷ್ಟು ತಲೆಕೆಡಿಸಿಕೊಂಡವರೂ ಈ ತೂತನ್ನು ಮರೆಯುತ್ತಾರೆ.

ಭಾರತದಲ್ಲಿ ಕೈಯಾರೆ ವೈರಿಂಗ್ ಮಾಡಿ ಪಳಗಿದವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮಲ್ಲಿ ಕಪ್ಪು ಎಂದರೆ ನ್ಯೂಟ್ರಲ್. ಅಮೆರಿಕದಲ್ಲಿ ಕಪ್ಪು ಎಂದರೆ ಫೇಸ್, ಬಿಳಿ ನ್ಯೂಟ್ರಲ್, ಹಸಿರು ಅಥವಾ ಬರಿಯ ತಾಮ್ರ ಅರ್ಥ್. ಥರ್ಮೋಸ್ಟಾಟಿನ ಕಟ್ಟಿಗೆ ಬಂದರೆ ಇದೂ ನಡೆಯುವುದಿಲ್ಲ. ಅಲ್ಲಿ ಬಿಳಿ ಬಿಸಿಯ ತಂತಿ, ಹಸಿರು ಫ್ಯಾನಿನ ತಂತಿ. ಅದೂ ವಾಡಿಕೆ ಮಾತ್ರ, ಹಿಂದೆ ಯಾರೋ ಕೈಗೆ ಸಿಕ್ಕ ಬಣ್ಣ ಹಾಕಿರಬಹುದು. ಬಣ್ಣ ನಂಬಬೇಡಿ, ತಿರುಪಿನ ಪಕ್ಕದ ಅಕ್ಷರ ಓದಿ, ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೊ ತೆಗೆದಿಡಿ. ಈ ಕಟ್ಟನ್ನೂ 120 ವೋಲ್ಟಿನ ತಂತಿಯನ್ನೂ ಒಂದೇ ಪೈಪಿನಲ್ಲಿ, ಒಂದೇ ಡಬ್ಬಿಯಲ್ಲಿ ತುರುಕಬೇಡಿ.

ಹಾಸನ ಕಡೆಯ ಸ್ನೇಹಿತರೊಬ್ಬರು ಈ ಬಣ್ಣದ ಗುಂಡಿಗೇ ಬಿದ್ದರು. ಫರ್ನೇಸಿನ ಪಕ್ಕದ 120 ವೋಲ್ಟಿನ ಸ್ವಿಚ್ ಹಾಳಾಗಿತ್ತು, ಊರಿನ ಅಭ್ಯಾಸದಂತೆ ಕಪ್ಪನ್ನು ನ್ಯೂಟ್ರಲ್ ಎಂದುಕೊಂಡು ಬಿಳಿಗೆ ಸ್ವಿಚ್ ಹಾಕಿದರು, ಫರ್ನೇಸಿನ ತಂತಿಗಳನ್ನೂ ಹಾಗೆಯೇ ಅದಲು ಬದಲು ಜೋಡಿಸಿದರು. ಫರ್ನೇಸು ಹೊತ್ತಿತು, ಕೆಲವು ಸೆಕೆಂಡಿಗೆ ಆರಿತು. ಮತ್ತೆ ಹೊತ್ತಿತು, ಮತ್ತೆ ಆರಿತು. ಮೂರನೆಯ ಸಲಕ್ಕೆ ಹಟ ಹಿಡಿದು ಕೂತಿತು.

ಅದಕ್ಕೊಂದು ಸೊಗಸಾದ ಕಾರಣವಿದೆ. ಕೆಳಗಿಳಿದು ನಿಮ್ಮ ಫರ್ನೇಸಿಗೆ ಒಮ್ಮೆ ಕಿವಿಗೊಡಿ. ಮೊದಲು ಹೊಗೆ ಎಳೆಯುವ ಸಣ್ಣ ಫ್ಯಾನು ಗುಂಯ್ ಎನ್ನುತ್ತದೆ. ಹೊಗೆಯ ದಾರಿ ತೆರೆದಿದೆ ಎಂದು ಒತ್ತಡದ ಸ್ವಿಚ್ ಒಪ್ಪಿದ ಮೇಲೆ ಹೊತ್ತಿಸುವ ಕಡ್ಡಿ ಕೆಂಡದಂತೆ ಕೆಂಪಾಗುತ್ತದೆ. ಗ್ಯಾಸಿನ ವಾಲ್ವ್ 'ಟಕ್' ಎಂದು ತೆರೆದು, ಭುಸ್ಸೆಂದು ನೀಲಿ ಉರಿ ಸಾಲಾಗಿ ಹಬ್ಬುತ್ತದೆ. ಸುಮಾರು ಅರ್ಧ ನಿಮಿಷದ ಮೇಲೆ ದೊಡ್ಡ ತಿದಿ ಶುರು. ಇದರ ನಡುವೆ ಬೋರ್ಡಿಗೆ ಒಂದು ಚಿಂತೆ: ಗ್ಯಾಸೇನೋ ಬಿಟ್ಟೆ, ಉರಿ ನಿಜವಾಗಿ ಹೊತ್ತಿತೋ ಇಲ್ಲವೋ? ಹೊತ್ತದೆ ಗ್ಯಾಸು ತುಂಬಿಕೊಂಡರೆ ಮನೆಯೇ ಹಾರಿಹೋದೀತು. ಅದಕ್ಕೆ ಕಣ್ಣಿಲ್ಲ, ಉರಿಯೊಳಗೆ ನಿಲ್ಲಿಸಿದ ಒಂದು ಲೋಹದ ಕಡ್ಡಿಯಿದೆ. ಬೆಂಕಿಯ ಮೂಲಕ ವಿದ್ಯುತ್ ಹರಿಯುತ್ತದೆ, ಅದೂ ಹೆಚ್ಚಾಗಿ ಒಂದೇ ದಿಕ್ಕಿಗೆ. ಆಂಪಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲಿನಷ್ಟು, ಇರುವೆ ನಡೆದಷ್ಟು ಕರೆಂಟು. ಅದು ಬರ್ನರಿನ ಲೋಹದ ಮೂಲಕ, ಅರ್ಥ್ ಸಂಪರ್ಕದ ಮೂಲಕ ಬೋರ್ಡಿಗೆ ಮರಳಿದರೆ 'ಉರಿ ಇದೆ' ಎಂದು ಅರ್ಥ. ಫೇಸ್ ನ್ಯೂಟ್ರಲ್ ಅದಲು ಬದಲಾದರೆ, ಅರ್ಥ್ ಸಡಿಲವಾದರೆ, ಕಡ್ಡಿಗೆ ಮಸಿ ಕಟ್ಟಿದರೆ, ಎದುರಿಗೆ ಉರಿ ಧಗಧಗ ಎನ್ನುತ್ತಿದ್ದರೂ ಬೋರ್ಡಿಗೆ ಕುರುಡು. ಗ್ಯಾಸು ಮುಚ್ಚುತ್ತದೆ. ಸ್ನೇಹಿತರ ಅದೃಷ್ಟಕ್ಕೆ ಅವರದು ಹಟ ಹಿಡಿಯಿತು. ಇಲ್ಲದಿದ್ದರೆ ಸ್ವಿಚ್ ಆರಿಸಿದ ಮೇಲೂ ಒಳಗಿನ ತಂತಿಯಲ್ಲಿ ಫೇಸ್ ಹಾಗೇ ಇರುತ್ತಿತ್ತು, ಮುಂದೆ ಕದ ತೆಗೆದು ಕೈ ಹಾಕಿದವರ ಗತಿ ಹೇಳುವುದು ಬೇಡ.

ಹಾಗಾಗಿ ನನ್ನ ಗೆರೆ ಇದು. ಥರ್ಮೋಸ್ಟಾಟಿನ ತೆಳು ತಂತಿಗಳು, ಬ್ರೇಕರ್ ಆರಿಸಿದ ಮೇಲೆ, ನಿಮ್ಮವು. ಫರ್ನೇಸಿಗೆ ಬರುವ 120 ವೋಲ್ಟೂ ಗ್ಯಾಸಿನ ಕೊಳವೆಯೂ ಲೈಸೆನ್ಸ್ ಇರುವವರದು, ಬಹಳ ಊರುಗಳಲ್ಲಿ ಅದಕ್ಕೆ ನಗರಾಡಳಿತದ ಪರ್ಮಿಟ್ಟೂ ಬೇಕು. ಅವರು ಬಂದಾಗ ನೀವು ನೋಡಿಕೊಳ್ಳಬೇಕಾದದ್ದು ಫರ್ನೇಸಿಗೆ ತನ್ನದೇ ಬ್ರೇಕರ್ ಇದೆಯೇ ಎಂದು. ಫ್ರೀಜರನ್ನೋ ವ್ಯಾಕ್ಯೂಮ್ ಕ್ಲೀನರನ್ನೋ ಅದೇ ಸಾಲಿಗೆ ಕಟ್ಟಿ, ಬ್ರೇಕರ್ ಬಿದ್ದ ದಿನ ನೀವು ಬೆಂಗಳೂರಿನಲ್ಲಿದ್ದರೆ, ಮರಳುವ ಹೊತ್ತಿಗೆ ನೀರಿನ ಪೈಪುಗಳು ಹೆಪ್ಪುಗಟ್ಟಿ ಒಡೆದಿರುತ್ತವೆ. ಫರ್ನೇಸಿನ ಕದ ತೆಗೆದ ತಕ್ಷಣ ಎಲ್ಲ ಆರಿಸುವ ಪುಟ್ಟ ಸ್ವಿಚ್ಚಿಗೆ ಟೇಪು ಸುತ್ತುವವರು, ಅತಿಬಿಸಿಯಾದರೆ ಗ್ಯಾಸು ಮುಚ್ಚುವ ಲಿಮಿಟ್ ಸ್ವಿಚ್ಚನ್ನು ತಂತಿಯಿಂದ ದಾಟಿಸುವವರು ಇದ್ದಾರೆ. ಅಂಥವರಿಗೆ ಕಾಫಿ ಕೊಟ್ಟು ಕಳಿಸಿ.

ಸಂಘದ ಸಭಾಭವನ, ದೇವಸ್ಥಾನದ ಊಟದ ಹಾಲ್ ನೋಡಿಕೊಳ್ಳುವವರಿಗೆ ಒಂದು ಮಾತು. ಅಂಥ ಕಡೆ ಇರುವುದು ಕೆಲವೊಮ್ಮೆ ಡಕ್ಟ್ ಫರ್ನೇಸ್ ಎಂಬ ಬೇರೆ ಬಗೆ: ಡಕ್ಟಿನ ನಡುವೆ ಕೂರಿಸಿದ ಬೆಂಕಿ, ತನ್ನದೇ ತಿದಿ ಇಲ್ಲ. ಗಾಳಿ ಬೇರೆ ಯಂತ್ರದಿಂದ ಬರುತ್ತದೆ. ಗಾಳಿ ಹರಿಯುವ ಮುಂಚೆ ಉರಿ ಹೊತ್ತದಂತೆ ಇವೆರಡನ್ನೂ ಸ್ವಿಚ್ಚಿನಿಂದ ಕಟ್ಟಿಹಾಕಿರಬೇಕು. ರಿಪೇರಿಯವರನ್ನು ಆ ಒಂದು ಪ್ರಶ್ನೆ ಕೇಳಿ.

ಈಗ ಮೊದಲಿಗೆ ಬಿಟ್ಟ ಮಾತು. ಕಾದ ಲೋಹದ ಕೊಳವೆ ವರ್ಷಾಂತರದಲ್ಲಿ ಬಿರುಕು ಬಿಟ್ಟರೆ, ಹೊಗೆಯ ದಾರಿ ಕಟ್ಟಿದರೆ, ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಬರಬಹುದು. ಹಲವು ಹೊಸ ಫರ್ನೇಸುಗಳ ಹೊಗೆ ಹೋಗುವುದು ಗೋಡೆಯಿಂದ ಹೊರಚಾಚಿದ ಪ್ಲಾಸ್ಟಿಕ್ ಕೊಳವೆಯಲ್ಲಿ. ಹಿಮ ಬಿದ್ದು ರಾಶಿಯಾದಾಗ ಅದರ ಬಾಯಿ ಮುಚ್ಚುತ್ತದೆ. ಸಾಮಾನ್ಯವಾಗಿ ಒತ್ತಡದ ಸ್ವಿಚ್ ಫರ್ನೇಸನ್ನು ನಿಲ್ಲಿಸುತ್ತದೆ, ಆದರೂ ದಾರಿಯ ಹಿಮ ಗೋರುವಾಗ ಆ ಕೊಳವೆಯ ಸುತ್ತಲೂ ಒಂದೆರಡು ಸಲಿಕೆ ಗೋರಿ. ಗ್ಯಾಸಿಗೆ ಸೋರಿದರೆ ಗೊತ್ತಾಗಲೆಂದು ಕೆಟ್ಟ ವಾಸನೆ ಬೆರೆಸಿರುತ್ತಾರೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಗೆ ಹೋಗಿ, ಅಲ್ಲಿಂದ ಫೋನ್ ಮಾಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿ ಕಿಟಕಿ ಮುಚ್ಚಿಕೊಂಡು ಸ್ನಾನಕ್ಕೆ ಹೋದವರ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಓದಿದ್ದೀರಿ, ಅದೇ ವಿಷ. ಅದರ ಲಕ್ಷಣ ತಲೆನೋವು, ಹೊಟ್ಟೆ ತೊಳಸು, ಮಂಕು. ಊರಿಂದ ಹೊಸದಾಗಿ ಬಂದ ಹಿರಿಯರು ಇದನ್ನು ವಿಮಾನದ ಆಯಾಸ ಎಂದುಕೊಂಡು ಮಲಗಿಬಿಡುವ ಅಪಾಯವಿದೆ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ಹೊರಗೆ ಹೋದರೆ ಕಡಿಮೆ ಎಂದಾದರೆ ಯೋಚಿಸುತ್ತ ಕೂರದೆ ಎಲ್ಲರೂ ಹೊರಗೆ ಬಂದು 911ಕ್ಕೆ ಕರೆ ಮಾಡಿ.

ಮಿನೆಸೋಟದ ಕಾನೂನಿನ ಪ್ರಕಾರ ಮಲಗುವ ಪ್ರತಿ ಕೋಣೆಯಿಂದ 10 ಅಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಬೇಕು. ಇರುತ್ತದೆ ಕೂಡ. ಆದರೆ ಅದರ ಆಯಸ್ಸು 5ರಿಂದ 10 ವರ್ಷ ಮಾತ್ರ, ಆಮೇಲೆ ಹಸಿರು ದೀಪ ಉರಿಯುತ್ತಿದ್ದರೂ ನಂಬುವಂತಿಲ್ಲ. ಮಗನಿಗೋ ಮಗಳಿಗೋ ಈ ಭಾನುವಾರ ಫೋನ್ ಮಾಡಿದಾಗ ಅದನ್ನು ಗೋಡೆಯಿಂದ ಇಳಿಸಿ ಹಿಂದೆ ಬರೆದ ತಾರೀಕನ್ನು ನಿಮಗೆ ಓದಿ ಹೇಳಲು ಹೇಳಿ. ಮುಗಿದಿದ್ದರೆ ಅವತ್ತೇ ಹೊಸದು ತರಿಸಿ, ಒಂದು ಚೀಲ ಸೋನಾ ಮಸೂರಿ ಅಕ್ಕಿಯ ಬೆಲೆಗೆ ಸಿಗುತ್ತದೆ.